ಬೋಳ್ಯಾನಿಗೂ ಪುಂಡುವೇಷಕ್ಕೂ ಹನ್ನೆರಡು ರೌಂಡು

ಕಳೆದ ವಾರ ಬೊರಿವಲಿ ಸ್ಟೇಷನ್ನಿನಿಂದ ಹೊರಗೆ ಬರುತ್ತಿದ್ದೆ. ಮೆಟ್ಟಿಲ ಕೆಳಗಿನ ಚೈನೀಸ್ ಗಾಡಿಯವನು ವಿನೆಗರ್ ಬಾಟಲಿಯ ಮುಚ್ಚಳ ತೆಗೆದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ನಿಂತುಬಿಟ್ಟವು. ಹಿಂದಿನಿಂದ ಬಂದವನೊಬ್ಬ ಹೆಗಲು ತಾಗಿಸಿ, "ಚಲೋ ನಾ, ಬಾಯಿ" ಎಂದು ಹಿಂದಿಯಲ್ಲಿ ಗೊಣಗಿಕೊಂಡು ಮುಂದೆ ಹೋದ. ಡಯಾಲಿಸಿಸ್ ಯಂತ್ರಗಳ ನಳಿಗೆ ತೊಳೆಯುವ ಆಸಿಡ್ಡಿಗೂ ಇದೇ ವಾಸನೆ. ಒಂಬತ್ತು ವರ್ಷ ಅದರ ನಡುವೆ ಕೆಲಸ ಮಾಡಿದ್ದೇನೆ. ಆದರೂ ಗಾಡಿಯ ಮುಂದೆ ನಿಂತಾಗ ಕಣ್ಣೆದುರು ಬಂದದ್ದು ಒಂದೇ ಮಳೆಗಾಲ. ಕಿಟಕಿಯ ಪಕ್ಕದ ಎರಡು ಹಾಸಿಗೆ. ಎಂದೂ ನಡೆಯದ ಒಂದು ಬಾಕ್ಸಿಂಗ್ ಪಂದ್ಯ.

ನಮ್ಮ ಡಯಾಲಿಸಿಸ್ ಸೆಂಟರ್ ಬೊರಿವಲಿಯಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿತ್ತು. ಹತ್ತು ಯಂತ್ರ, ಹತ್ತು ಹಾಸಿಗೆ. ನಾನು, ಶೈಲಾ, ಅಲ್ಲಿ ಟೆಕ್ನಿಷಿಯನ್. ಆ ವರ್ಷ ಇಬ್ಬರು ಕೆಲಸ ಬಿಟ್ಟಿದ್ದರು. ಅವರ ಪಾಳಿಯೂ ನನ್ನ ತಲೆಗೇ ಬಿದ್ದಿತ್ತು. ಗೋರೆಗಾಂವಿನ ಚಾಳಿನಿಂದ ಐದು ಗಂಟೆಯ ಲೋಕಲ್ ಹಿಡಿದು ಬಂದರೆ ಮರಳಿ ಮನೆ ಸೇರುವಾಗ ಕಾಲಿನ ಮೀನಖಂಡ ಕಲ್ಲಾಗಿರುತ್ತಿತ್ತು. ಟ್ರೇನಿನಲ್ಲಿ ನಿಂತೇ ನಿದ್ದೆ ಹೋಗುವುದನ್ನು ಕಲಿತದ್ದು ಆಗಲೇ. ಯಾರಾದರೂ ದಣಿವಿಗೆ ಮದ್ದು ಹೇಳಿದರೆ ಅದನ್ನು ಕೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರರಿಂದ ಹತ್ತು ನನ್ನ ಮೊದಲ ಪಾಳಿ. ಕಿಟಕಿಯ ಪಕ್ಕದ ಎರಡು ಹಾಸಿಗೆಗಳಲ್ಲಿ ಇಬ್ಬರು ಕನ್ನಡದವರು. ಒಬ್ಬರು ಸದಾನಂದ ಶೆಟ್ಟರು. ಉಡುಪಿ ಕಡೆಯವರು, ಎಪ್ಪತ್ತು ದಾಟಿದ ವಯಸ್ಸು. ಬಾಂದ್ರಾದ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿ ನಲವತ್ತು ವರ್ಷ ದುಡಿದವರು. ಹತ್ತಿರದಲ್ಲೆಲ್ಲೂ ಹಾಸಿಗೆ ಖಾಲಿ ಇಲ್ಲದೆ ಬಾಂದ್ರಾದಿಂದ ಇಷ್ಟು ದೂರ ಬರುತ್ತಿದ್ದರು. ಇನ್ನೊಬ್ಬರು ಇಮಾಮ್‌ಸಾಬ್ ನದಾಫ್. ಗದಗ ಕಡೆಯವರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಬೊರಿವಲಿ ಪೂರ್ವದಲ್ಲಿ ಮಗನ ಜೊತೆ ಇದ್ದರು. ಮೂಗಿನ ಎಲುಬು ಎಡಕ್ಕೆ ವಾಲಿತ್ತು. ಅದೇಕೆ ಎಂದು ನಾನು ಕೇಳಿದ್ದಕ್ಕೆ, "ಹರೇದಾಗ ಒಂದ್ ಮಿಲ್ಲಿನ ಬಾಕ್ಸಿಂಗ್ ಟೀಮಿನಾಗ ಇದ್ನಿರಿ. ಮಿಡಲ್‌ವೇಟ್" ಎಂದಷ್ಟೇ ಹೇಳಿದ್ದರು.

ಆ ಒಂದು ಮಾತು ಶೆಟ್ಟರ ಕಿವಿಗೆ ಬಿದ್ದದ್ದೇ ಬಿದ್ದದ್ದು. ಶೆಟ್ಟರು ಜೀವಮಾನದಲ್ಲಿ ಒಂದು ಸೊಳ್ಳೆಯನ್ನು ಹೊಡೆದಿದ್ದರೋ ಇಲ್ಲವೋ, ಬಾಕ್ಸಿಂಗ್ ಹುಚ್ಚು ಮಾತ್ರ ತಲೆಗೇರಿದ್ದ ಮನುಷ್ಯ. ಹೋಟೆಲಿನ ಗಲ್ಲಾ ಹಿಂದೆ ಕೂತು ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಓದಿ, ಆಮೇಲೆ ವಿಡಿಯೋ ಕ್ಯಾಸೆಟ್ ತರಿಸಿ, ಈಗ ಮೊಬೈಲಿನಲ್ಲಿ ನೋಡಿ, ಲೋಕದ ಮಿಡಲ್‌ವೇಟ್, ಅಂದರೆ ನಡುತೂಕದ, ಬಾಕ್ಸರುಗಳೆಲ್ಲ ಅವರಿಗೆ ನೆಂಟರ ಹಾಗಾಗಿದ್ದರು. ಯಾರು ಯಾರನ್ನು ಯಾವ ರೌಂಡಿನಲ್ಲಿ ಕೆಡವಿದ ಎಂಬುದು ಕಂಠಪಾಠ. ಅವರಿಗೆ ನಿಜವಾಗಿ ಆದ ಪಂದ್ಯಗಳಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಒಬ್ಬ ಸತ್ತ ಮೇಲೆ ಇನ್ನೊಬ್ಬ ಹುಟ್ಟಿದ, ಹಾಗಾಗಿ ಎಂದೂ ಎದುರಾಗದವರನ್ನು ಮಾತಿನಲ್ಲಿ ಎದುರು ನಿಲ್ಲಿಸುವುದೇ ಅವರ ಖುಷಿ.

ಆ ಬಾಕ್ಸರುಗಳ ನಿಜ ಹೆಸರು ನನ್ನ ನಾಲಗೆಗೆ ಆಗಲೂ ಹತ್ತಲಿಲ್ಲ. ಇವರಿಬ್ಬರೂ ತಾವಿಟ್ಟ ಹೆಸರಿನಿಂದಲೇ ಕರೆಯುತ್ತಿದ್ದರು. ಇಮಾಮ್‌ಸಾಬರ ಮೆಚ್ಚಿನವನು ತಲೆ ಬೋಳಿಸಿಕೊಂಡ ಒಬ್ಬ, ಅವನು ಬೋಳ್ಯಾ. ಎಷ್ಟು ಹೊಡೆದರೂ ಹಿಂದೆ ಸರಿಯದೆ ಮುಂದೆ ಮುಂದೆ ಬರುವ ಆಳು. ಶೆಟ್ಟರ ಮೆಚ್ಚಿನವನು ಅದಕ್ಕೂ ಹಳಬ, ಕಪ್ಪು ಬಿಳುಪು ಫಿಲ್ಮಿನ ಕಾಲದವನು. ಯಕ್ಷಗಾನದಲ್ಲಿ ರಂಗದ ತುಂಬ ಗಿರಕಿ ಹೊಡೆಯುವ ಎಳೆಯ ವೇಷದ ಹಾಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲವಂತೆ. ಅದಕ್ಕೇ ಅವನು ಪುಂಡುವೇಷ.

"ನಿಮ್ಮ ಬೋಳ್ಯಾ ಗೋಡೆ ಮಾರಾಯ್ರೆ, ಒಪ್ಪಿದೆ. ಆದ್ರೆ ಗೋಡೆಗೆ ಸುತ್ತು ಹಾಕುದಕ್ಕೆ ಆಗುದಿಲ್ವಾ?" ಎನ್ನುತ್ತಿದ್ದರು ಶೆಟ್ಟರು.

"ಸುತ್ತು ಹಾಕಾಕ ಕಾಲು ಬೇಕಲ್ರಿ ಶೆಟ್ರ. ಬೋಳ್ಯಾ ಮೊದಲ ಹೊಟ್ಟಿಗೆ ಹೊಡಿತಾನ. ಹೊಟ್ಟಿಗೆ ಬಿದ್ರ ಕಾಲು ತಾನ ಸಾಯ್ತಾವ. ಅದನ್ನ ಪುಸ್ತಕದಾಗ ಬರೆದಿರಂಗಿಲ್ಲ."

"ಹೊಟ್ಟೆಗೆ ಸರಿ. ಸೊಂಟದ ಹಿಂದೆ ಮೂತ್ರಪಿಂಡಕ್ಕೆ ಹೊಡೆದ್ರೆ ಫೌಲ್ ಉಂಟು, ಗೊತ್ತಲ್ಲ?"

ಇಮಾಮ್‌ಸಾಬರು ರಕ್ತ ಹರಿಯುತ್ತಿದ್ದ ನಳಿಗೆಯ ಕಡೆ ನೋಡಿ ನಕ್ಕರು. "ನಮಗ ಮ್ಯಾಲಿನಾಂವ ಅಲ್ಲೇ ಹೊಡದಾನಲ್ರಿ. ಯಾವ ರೆಫ್ರಿನೂ ನೋಡ್ಲಿಲ್ಲ."

ನಾಲ್ಕು ಗಂಟೆ ಒಂದೇ ಭಂಗಿಯಲ್ಲಿ, ಒಂದು ಕೈ ಅಲುಗಿಸದೆ ಮಲಗುವುದು ಸುಲಭದ ಮಾತಲ್ಲ. ಬಂದ ಕೂಡಲೇ ತೂಕ ನೋಡುತ್ತೇವೆ. ಹಿಂದಿನ ಸಲಕ್ಕಿಂತ ಎಷ್ಟು ಕಿಲೋ ಹೆಚ್ಚಿದೆಯೋ ಅಷ್ಟೂ ಮೈಯಲ್ಲಿ ನಿಂತ ನೀರು. ಯಂತ್ರ ಅದನ್ನು ಹಿಂಡಿ ತೆಗೆಯುತ್ತದೆ. ಹಾಗಾಗಿ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಕಟ್ಟು. ಹೊರಗೆ ಮುಂಬಯಿ ನೀರಿನಲ್ಲಿ ಮುಳುಗುತ್ತಿದ್ದರೆ ಒಳಗೆ ಹತ್ತು ಜನ ಒಣಗಿದ ತುಟಿ ನೆಕ್ಕುತ್ತ ಮಲಗಿರುತ್ತಿದ್ದರು. ತೂಕದ ಯಂತ್ರದ ಮೇಲೆ ನಿಂತಾಗಲೆಲ್ಲ ಇಮಾಮ್‌ಸಾಬರು, "ಪಂದ್ಯದ ಹಿಂದಿನ ದಿನಾ ಹಿಂಗ ನಿಲ್ಲಸ್ತಿದ್ರು. ತೂಕ ಇಳೀಲಂತ ಎರಡ ದಿನಾ ನೀರ ಮುಟ್ಟತಿದ್ದಿಲ್ಲ ನಾವು" ಎನ್ನುತ್ತಿದ್ದರು. ಆಗ ಪಂದ್ಯ ಮುಗಿದ ಮೇಲಾದರೂ ಕುಡಿಯಬಹುದಿತ್ತು, ಈಗ ಪಂದ್ಯವೇ ಮುಗಿಯುವುದಿಲ್ಲ ಎಂದು ಒಮ್ಮೆ ಮೆಲ್ಲನೆ ಹೇಳಿದ್ದರು. ನಾನು ಕೇಳಿಸದವಳ ಹಾಗೆ ತೂಕ ಬರೆದುಕೊಂಡಿದ್ದೆ.

ಜೂನ್ ಕೊನೆಯ ಒಂದು ಮಂಗಳವಾರ, ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದಾಗ ಇಮಾಮ್‌ಸಾಬರು ನನಗೆ ಹೇಳಿದರು: "ಸಿಸ್ಟರ್, ಗುರುವಾರದಿಂದ ನಾ ಬರಂಗಿಲ್ರಿ."

"ಊರಿಗೆ ಹೋಗ್ತೀರಾ?"

"ಎಲ್ಲೂ ಇಲ್ಲ. ಸಾಕಾಗೇತಿ. ಆರು ವರ್ಷಾತು. ಮಗಗ ಇನ್ನೂ ಹೇಳಿಲ್ಲ."

ನಾನು ಏನು ಹೇಳಬೇಕೋ ಅದನ್ನೆಲ್ಲ ಹೇಳಿದೆ. ಡಯಾಲಿಸಿಸ್ ನಿಲ್ಲಿಸಿದರೆ ಹತ್ತು ದಿನ ಉಳಿಯುವುದೂ ಕಷ್ಟ, ಡಾಕ್ಟರ ಹತ್ತಿರ ಮಾತಾಡಿ, ಮಗನಿಗೆ ತಿಳಿಸಿ, ದುಡುಕಬೇಡಿ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಗೋಡೆಗೆ ಅಂಟಿಸಿದ ಸೂಚನೆಯ ಹಾಗೆ ಕೇಳಿಸಿತು. ಪಕ್ಕದ ಹಾಸಿಗೆಯಲ್ಲಿ ಶೆಟ್ಟರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಅವರು ಕಣ್ಣು ತೆರೆಯದೆಯೇ ಮಾತಾಡಿದರು.

"ಬೋಳ್ಯಾ ಓಡಿಹೋದ ಅಂತ ಬರ್ಕೊಳ್ಳುದಾ ಹಾಗಾದ್ರೆ?"

"ಏನಂದ್ರಿ?"

"ಇಷ್ಟು ತಿಂಗಳಿಂದ ಬಾಯಿಮಾತು ಆಯ್ತು. ಗುರುವಾರದಿಂದ ಸರಿಯಾಗಿ ಪಂದ್ಯ ಮಾಡುವ. ಹನ್ನೆರಡು ರೌಂಡು. ಒಂದು ದಿನಕ್ಕೆ ಒಂದೇ. ಪಾಯಿಂಟು ಶೈಲಾ ಬರೀಲಿ. ಬೋಳ್ಯಾನ ಕಡೆಯವರೇ ಬರದಿದ್ರೆ ಪುಂಡುವೇಷ ಗೆದ್ದ ಅಂತ ಲೆಕ್ಕ."

ಶೆಟ್ಟರ ಹೂಟ ಏನೆಂದು ನನಗೂ ತಿಳಿಯಿತು, ಇಮಾಮ್‌ಸಾಬರಿಗೂ ತಿಳಿಯಿತು. ಇಮಾಮ್‌ಸಾಬರು ಚಪ್ಪಲಿ ಮೆಟ್ಟಿ ಹೊರಟುಹೋದರು. ಗುರುವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ತೂಕದ ಯಂತ್ರದ ಮುಂದೆ ನಿಂತಿದ್ದರು.

ಹಾಗೆ ಶುರುವಾಯಿತು. ಒಂದು ಹಳೆಯ ಚಾರ್ಟಿನ ಹಿಂಬದಿಯಲ್ಲಿ ಎರಡು ಕಾಲಂ ಎಳೆದೆ. ರೌಂಡು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ಇಬ್ಬರ ವಾದ ಕೇಳಿ ನಾನು ತೀರ್ಪು ಕೊಡಬೇಕು. ಮೊದಲ ರೌಂಡಿನಲ್ಲಿ ಬೋಳ್ಯಾನಿಗೆ ಪುಂಡುವೇಷ ಕೈಗೇ ಸಿಗಲಿಲ್ಲ. ಎರಡನೆಯದು, ಮೂರನೆಯದು ಬೋಳ್ಯಾನದು. ಹೊಟ್ಟೆಗೆ ಏಟು ಬೀಳತೊಡಗಿತ್ತು. ಶೆಟ್ಟರು ಮೊಬೈಲಿನಲ್ಲಿ ನೋಡಿಕೊಂಡು ಬಂದು ದಾಖಲೆ ಸಮೇತ ವಾದಿಸುತ್ತಿದ್ದರು. ಇಮಾಮ್‌ಸಾಬರಿಗೆ ದಾಖಲೆ ಬೇಕಿರಲಿಲ್ಲ. ಯಂತ್ರಕ್ಕೆ ಕೊಡದ ಬಲಗೈಯನ್ನು ಎತ್ತಿ, ರಿಂಗಿನ ಹಗ್ಗಕ್ಕೆ ಒರಗಿದವನಿಗೆ ಎಲ್ಲಿಂದ ಏಟು ಬರುತ್ತದೆ, ಅದು ಕಾಣುವ ಮೊದಲು ಹೆಗಲು ಹೇಗೆ ಅಲುಗುತ್ತದೆ ಎಂದು ತೋರಿಸುತ್ತಿದ್ದರು. ಅವರ ಬೆರಳ ಗಂಟುಗಳು ಚಪ್ಪಟೆಯಾಗಿದ್ದದ್ದು ನಾನು ಗಮನಿಸಿದ್ದೇ ಆಗ. ಆಚೆ ಹಾಸಿಗೆಯ ಗುಜರಾತಿ ಅಜ್ಜಿಯೊಬ್ಬಳು ಒಂದಕ್ಷರ ತಿಳಿಯದಿದ್ದರೂ ಇವರ ಕಡೆಗೇ ಮುಖ ತಿರುಗಿಸಿ ಮಲಗುತ್ತಿದ್ದಳು.

ಒಂದು ದಿನ ಮಾತು ಬೇರೆ ಕಡೆ ಹೋಯಿತು. ಎಂಟನೆಯ ರೌಂಡಿನ ದಿನ ಇರಬೇಕು. ಏಟು ತಿಂದು ಕಣ್ಣು ಮುಚ್ಚಿಹೋದ ಬಾಕ್ಸರ್ ಹುಡುಗನ ಪರವಾಗಿ ಅವನ ಗುರು ಪಂದ್ಯ ನಿಲ್ಲಿಸಬಹುದೇ ಎಂಬ ಮಾತನ್ನು ಶೆಟ್ಟರು ಎತ್ತಿದರು. ನಿಲ್ಲಿಸಬೇಕು, ಅದು ಗುರುವಿನ ಕೆಲಸ ಎಂದರು ಇಮಾಮ್‌ಸಾಬರು.

"ಹುಡುಗನೇ ಸಾಕು ಅಂದ್ರೆ?"

"ಅಂವಾ ಅನ್ನಂಗಿಲ್ರಿ. ಅಂವಾ ಎಂದೂ ಅನ್ನಂಗಿಲ್ಲ. ಅಂದಾ ಅಂದ್ರ, ಅದು ಖರೇನ ಸಾಕಾಗಿರತೈತಿ. ಆಗ ಅವನ ಜೋಡಿ ವಾದಾ ಮಾಡಬಾರದು."

ಆ ರೌಂಡು ಬೋಳ್ಯಾನಿಗೆ ಹೋಯಿತು. ಎಂಟು ಮುಗಿಯುವಾಗ ಬೋಳ್ಯಾ ಐದು, ಪುಂಡುವೇಷ ಮೂರು.

ಒಂಬತ್ತನೆಯದು ಮಂಗಳವಾರ. ಭಾನುವಾರ, ಸೋಮವಾರ ಎರಡು ದಿನದ ಬಿಡುವಿನ ನಂತರ ಬರುವ ಮಂಗಳವಾರವೆಂದರೆ ನಮ್ಮಲ್ಲಿ ಎಲ್ಲರಿಗೂ ಭಯ. ರೋಗಿಯ ಮೈಯಲ್ಲಿ ಅತಿ ಹೆಚ್ಚು ನೀರು ನಿಂತಿರುವ ದಿನ ಅದು. ಅವತ್ತು ಬೆಳಗಾಗುವ ಮೊದಲೇ ಮಳೆ ಸುರಿಯಲು ಹತ್ತಿತ್ತು. ಗೋರೆಗಾಂವ್ ಸ್ಟೇಷನ್ನಿಗೆ ಬಂದರೆ ಹಳಿಗಳೇ ಕಾಣುತ್ತಿಲ್ಲ. ಟ್ರೇನು ಬಂದ್. ರಿಕ್ಷಾ ಇಲ್ಲ. ನಾನು ಹೋಗದಿದ್ದರೆ ಯಂತ್ರಗಳನ್ನು ಶುರು ಮಾಡಲು ಅಲ್ಲಿ ಒಬ್ಬಳೇ ನರ್ಸು. ಸೀರೆ ಎತ್ತಿ ಕಟ್ಟಿ ಹೈವೇ ಹಿಡಿದು ನಡೆದೆ. ಮಲಾಡ್, ಕಾಂದಿವಲಿ ದಾಟಿ ಬೊರಿವಲಿ ಮುಟ್ಟುವಾಗ ಎಂಟೂವರೆ. ಒಂದು ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಲ್ಕೇ ಜನ ಬಂದಿದ್ದರು. ಇಮಾಮ್‌ಸಾಬರು ಮೊಣಕಾಲು ಮಟ್ಟದ ನೀರಿನಲ್ಲಿ ನಡೆದು ಬಂದು, ಲುಂಗಿ ಹಿಂಡಿ, ಹಾಸಿಗೆಯ ಮೇಲೆ ಕೂತಿದ್ದರು. ಪಕ್ಕದ ಹಾಸಿಗೆ ಖಾಲಿ.

ಅವರನ್ನು ಯಂತ್ರಕ್ಕೆ ಹಾಕುವ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಶೆಟ್ಟರು. ಐದು ಗಂಟೆಗೇ ಬಾಂದ್ರಾ ಬಿಟ್ಟಿದ್ದರಂತೆ. ಅವರ ಲೋಕಲ್ ಅಂಧೇರಿಗಿಂತ ಸ್ವಲ್ಪ ಹಿಂದೆ, ಎರಡು ಸ್ಟೇಷನ್ನಿನ ನಡುವೆ ನಿಂತುಬಿಟ್ಟಿತ್ತು.

"ಇನ್ನೇನು ಹೊರಡ್ತದಂತೆ ಮಾರಾಯ್ತಿ. ಸ್ಪೀಕರಿಗೆ ಹಾಕು. ಬೋಳ್ಯಾನವರು ಬಂದಿದಾರಾ?"

"ಬಂದೀನ್ರಿ ಶೆಟ್ರ," ಎಂದು ಇಮಾಮ್‌ಸಾಬರು ಆಚೆಯಿಂದಲೇ ಕೂಗಿದರು.

ನಾನು ಫೋನನ್ನು ಸ್ಪೀಕರಿಗೆ ಹಾಕಿ ಎರಡು ಹಾಸಿಗೆಯ ನಡುವಿನ ಸ್ಟೂಲಿನ ಮೇಲಿಟ್ಟೆ. ನಿಂತ ಟ್ರೇನಿನ ಡಬ್ಬದೊಳಗಿನಿಂದ ಶೆಟ್ಟರು ಆ ದಿನ ವಾದಿಸಿದ ಹಾಗೆ ಎಂದೂ ವಾದಿಸಿರಲಿಲ್ಲ. ಪುಂಡುವೇಷ ಏಟು ತಿಂದು ತಿಂದು ಸುಸ್ತಾದ ಹಾಗೆ ನಟಿಸುತ್ತಿದ್ದಾನೆ, ಬೋಳ್ಯಾ ನಂಬಿ ಕೈ ಇಳಿಸಿದ್ದಾನೆ, ಈಗ ನೋಡಿ ಎಡಗೈ, ಮತ್ತೆ ಎಡಗೈ. ನಡುನಡುವೆ ಮಾತು ತುಂಡಾಗುತ್ತಿತ್ತು. ಅರ್ಧ ವಾಕ್ಯಕ್ಕೆ ನಿಲ್ಲಿಸಿ ಉಸಿರೆಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದರು. ಮಳೆ ಸದ್ದು, ಸಿಗ್ನಲ್ ಸಿಗುತ್ತಿಲ್ಲ, ಉತ್ಸಾಹ ಹೆಚ್ಚಾಗಿದೆ ಎಂದೆಲ್ಲ ನಾನು ಅಂದುಕೊಂಡೆ. ಹಾಗಂತ ಬೇಕೆಂದೇ ಅಂದುಕೊಂಡೆನೋ ಏನೋ. ಒದ್ದೆ ಬಟ್ಟೆಯಲ್ಲಿ ಸ್ಟೂಲಿನ ಪಕ್ಕ ನೆಲಕ್ಕೇ ಕೂತಿದ್ದೆ. ಆ ದಿನ ಮೊದಲ ಸಲ ಕೂತದ್ದು.

ಇಪ್ಪತ್ತು ನಿಮಿಷವಾದ ಮೇಲೆ ಇಮಾಮ್‌ಸಾಬರು, "ಈ ರೌಂಡು ನಿಮ್ದ ಶೆಟ್ರ. ಬಿಟ್ಟೆ" ಎಂದರು. ಆ ಕಡೆ ಶೆಟ್ಟರು ನಕ್ಕ ಸದ್ದಿನ ಹಿಂದೆಯೇ ಕೆಮ್ಮು ಬಂತು. ನೀರಿನೊಳಗಿನಿಂದ ಬಂದ ಹಾಗಿನ ಕೆಮ್ಮು. ಆಗ ನಾನು ಎದ್ದೆ.

"ಶೆಟ್ರೆ, ಉಸಿರು ಕಟ್ತಾ ಇದೆಯಾ? ನಿಜ ಹೇಳಿ."

"ಸ್ವಲ್ಪ. ಬೆಳಿಗ್ಗೆಯಿಂದ ಉಂಟು."

"ಪಕ್ಕದಲ್ಲಿ ಯಾರಿದ್ದಾರೆ? ಅವರ ಕೈಗೆ ಫೋನ್ ಕೊಡಿ. ಈಗಲೇ."

ಒಬ್ಬ ಮರಾಠಿ ಹುಡುಗಿಗೆ ಫೋನು ಸಿಕ್ಕಿತು. ಇವರನ್ನು ಹೇಗಾದರೂ ಕೆಳಗಿಳಿಸಿ, ಹತ್ತಿರದ ಆಸ್ಪತ್ರೆಗೆ ಮುಟ್ಟಿಸಿ ಎಂದು ಕೂಗಿ ಕೂಗಿ ಹೇಳಿದೆ. ಅವಳು ಮತ್ತೆ ನಾಲ್ಕು ಜನ ಸೇರಿ ಅವರನ್ನು ಹಳಿಯ ಮೇಲೆ ಇಳಿಸಿ, ಹೊತ್ತುಕೊಂಡು ಅಂಧೇರಿ ಮುಟ್ಟಿಸಿದರಂತೆ. ಆಸ್ಪತ್ರೆ ಸೇರುವಾಗ ಮಧ್ಯಾಹ್ನವಾಗಿತ್ತು. ಶ್ವಾಸಕೋಶದ ತುಂಬ ನೀರು. ಬುಧವಾರ ಬೆಳಿಗ್ಗೆ ಶೆಟ್ಟರು ಹೋದರು.

ಅವರನ್ನು ಇಳಿಸಿ ಎಂದು ನಾನು ಇಪ್ಪತ್ತು ನಿಮಿಷ ಮೊದಲೇ ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೇ? ಡಾಕ್ಟರರು ಇಲ್ಲ ಎಂದರು. ಅವರು ನನ್ನ ಮುಖ ನೋಡಿ ಹಾಗೆ ಹೇಳಿದರೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಉಸಿರು ಕೇಳಿ ರೋಗಿಯ ಸ್ಥಿತಿ ಹೇಳುವುದು ನನ್ನ ಕಸುಬು. ಅಷ್ಟು ವರ್ಷ ಅದೇ ಮಾಡಿದವಳು ಆ ದಿನ ಬಾಕ್ಸಿಂಗ್ ಕೇಳುತ್ತ ಕೂತಿದ್ದೆ.

ಗುರುವಾರ ಇಮಾಮ್‌ಸಾಬರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ತೂಕ ಕೊಟ್ಟರು. ಸೂಜಿ ಚುಚ್ಚುವಾಗ ನನಗೆ ನರ ತಪ್ಪಿತು. ಎರಡನೆಯ ಸಲ ಚುಚ್ಚಬೇಕಾಯಿತು. ಯಂತ್ರ ಓಡಲು ಶುರುವಾದ ಮೇಲೆ ನಾನೇ ಬಾಯಿಬಿಟ್ಟೆ.

"ಶೆಟ್ಟರ ಉಸಿರು ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ, ಸಾಬರೆ."

"ನಿಮಗಿಂತ ಮದಲ ನನಗ ಗೊತ್ತಾಗಿತ್ತು ತಂಗೆವ್ವಾ." ಮೊದಲ ಸಲ ಸಿಸ್ಟರ್ ಬಿಟ್ಟು ಹಾಗೆ ಕರೆದರು. "ಎದುರಿನವನ ಉಸರು ಕೇಳಿ ಹೊಡದ ಮಂದಿ ನಾವು. ಯಾರಿಗೆ ದಮ್ಮು ಹತ್ತೇತಿ ಅನ್ನೂದು ನನಗ ಯಾರೂ ಹೇಳಬೇಕಾಗಿಲ್ಲ. ಖರೆ ಏನ್ ಮಾಡ್ಲಿ, ಆ ರೌಂಡು ಅಂವಾ ಗೆಲ್ಲಾಕತ್ತಿದ್ದ. ಅಷ್ಟ ಖುಷಿಲಿ ಇದ್ದ. ಹೆಂಗ ತಡೀಲಿ?"

ಹೊರಗೆ ಮಳೆ ನಿಂತು ಸೆಕೆ ಶುರುವಾಗಿತ್ತು. ಆಮೇಲೆ ಅವರೇ, "ಹತ್ತನೇದು ಶುರು ಮಾಡ್ರಿ. ಶೆಟ್ರ ಕಡಿಂದ ನೀವು ಮಾತಾಡ್ರಿ" ಎಂದರು.

ನನಗೆ ಬಾಕ್ಸಿಂಗ್ ಗೊತ್ತಿರಲಿಲ್ಲ. ಹತ್ತನೆಯ ರೌಂಡಿನಲ್ಲಿ ತೊದಲಿ ತೊದಲಿ ಸೋತೆ. ಮರುದಿನ ಟ್ರೇನಿನಲ್ಲಿ ನಿದ್ದೆ ಮಾಡದೆ ಮೊಬೈಲಿನಲ್ಲಿ ಪುಂಡುವೇಷದ ಹಳೆಯ ಪಂದ್ಯಗಳನ್ನು ನೋಡಿದೆ. ಬಿಳಿ ಚಡ್ಡಿ ತೊಟ್ಟ, ಒಂದು ಕ್ಷಣವೂ ನಿಲ್ಲದ ಮನುಷ್ಯ. ಶೆಟ್ಟರು ಅವನಲ್ಲಿ ಏನು ಕಂಡರೆಂದು ಅರ್ಥವಾಯಿತು. ದಿನಕ್ಕೆ ಹದಿನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕೂತು ನಲವತ್ತು ವರ್ಷ ಕಳೆದವರು ಅವರು. ಶನಿವಾರ ಹನ್ನೊಂದನೆಯ ರೌಂಡಿನಲ್ಲಿ ಜಗಳಕ್ಕೇ ಬಿದ್ದೆ. ಇಮಾಮ್‌ಸಾಬರು ಕೊನೆಗೆ ತಲೆಯಾಡಿಸಿ ಬಿಟ್ಟುಕೊಟ್ಟರು. ಬೋಳ್ಯಾ ಆರು, ಪುಂಡುವೇಷ ಐದು.

ಹನ್ನೆರಡನೆಯದು ನಮಗೆ ಬಂದರೆ ಸಮ ಸಮ. ಮಂಗಳವಾರ ನಾನು ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಇಮಾಮ್‌ಸಾಬರು ಹೆಚ್ಚು ಮಾತಾಡಲಿಲ್ಲ. ಕೊನೆಯ ರೌಂಡಿನಲ್ಲಿ ಎಂಥ ಕುಣಿತಗಾರನಿಗೂ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ತಾಗಿದ ಮೇಲೆ ಅವನು ಎಲ್ಲರ ಹಾಗೆಯೇ ಒಬ್ಬ ಎಂದರು. ಆಮೇಲೆ, "ಈಗ ನೀವು ಶೆಟ್ರ ಕಡೆಯವರಲ್ಲ. ರೆಫ್ರಿ. ಯಾರದು ಹೇಳ್ರಿ" ಎಂದರು.

ನಾನು ಪೆನ್ನು ಹಿಡಿದು ಕೂತೆ. ಪುಂಡುವೇಷದ ಕಾಲಮ್ಮಿನಲ್ಲಿ ಹತ್ತು ಬರೆಯಬೇಕೆಂದು ಆಸೆ. ಯಾರಿಗೆ ನಷ್ಟ?

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. "ಸತ್ತಾರಂತ ಪಾಯಿಂಟ್ ಕೊಡಾಕ ಬರೂದಿಲ್ಲ ತಂಗೆವ್ವಾ. ಹಂಗ ಕೊಟ್ರ ಶೆಟ್ರು ತಗೊಳ್ಳಂಗಿಲ್ಲ."

ಬೋಳ್ಯಾನಿಗೆ ಹತ್ತು ಬರೆದೆ. ನೂರ ಹದಿನೈದು, ನೂರ ಹದಿಮೂರು. ಇಮಾಮ್‌ಸಾಬರು ಗೆದ್ದವರ ಹಾಗೆ ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡು ಉಳಿದ ಒಂದು ಗಂಟೆ ನಿದ್ದೆ ಮಾಡಿದರು.

ದೀಪಾವಳಿ ಕಳೆಯುವವರೆಗೂ ಅವರು ಒಂದು ದಿನ ತಪ್ಪದೆ ಬಂದರು. ಪಕ್ಕದ ಹಾಸಿಗೆಗೆ ಬಂದ ಹೆಂಗಸು ನಾಲ್ಕು ಗಂಟೆಯೂ ನಿದ್ದೆ ಮಾಡುತ್ತಿದ್ದಳು. ಬಾಕ್ಸಿಂಗಿನ ಮಾತು ಮತ್ತೆ ಬರಲಿಲ್ಲ. ನವೆಂಬರಿನ ಒಂದು ಗುರುವಾರ ಅವರು ಮಗನನ್ನು ಕರೆದುಕೊಂಡು ಬಂದು ಡಾಕ್ಟರ ಕೋಣೆಯಲ್ಲಿ ಕೂತರು. ಹೊರಗೆ ಬಂದಾಗ ಮಗನ ಕಣ್ಣು ಕೆಂಪಾಗಿತ್ತು. ಇಮಾಮ್‌ಸಾಬರು ನನ್ನ ಮುಂದೆ ನೆಟ್ಟಗೆ ನಿಂತರು.

"ಶನಿವಾರ ಬರಂಗಿಲ್ಲ. ಈ ಸಲ ಎಲ್ಲಾರಿಗೂ ಹೇಳೇನಿ. ಫೋನ್ ಮಾಡಬ್ಯಾಡ್ರಿ."

ಜೂನಿನಲ್ಲಿ ಹೇಳಿದ ಮಾತುಗಳೆಲ್ಲ ನನ್ನ ಬಾಯಿಗೆ ಬಂದವು. ನುಂಗಿಕೊಂಡೆ. ಮುಖದಲ್ಲಿ ಏನು ಕಂಡಿತೋ, ಅವರು ಮುಂದುವರಿಸಿದರು: "ಎರಡು ರೌಂಡಿನ ನಡುವ ಕುಂತ ಸ್ಟೂಲ್ ಮ್ಯಾಲಿಂದ ಏಳದಿದ್ರ ಸೋಲು ಅಂತಾರ. ನಾ ಹನ್ನೆರಡೂ ಆಡೇನಿ. ಕೊನೀ ಗಂಟಿ ಆದಮ್ಯಾಲ ಮನೀಗೆ ಹೋಗೂದು ಸೋಲಲ್ಲ ತಂಗೆವ್ವಾ."

ಎಂಟು ದಿನದ ಮೇಲೆ ಮಗ ಫೋನು ಮಾಡಿ, ಅಪ್ಪ ಮನೆಯಲ್ಲೇ ಸಮಾಧಾನದಿಂದ ಹೋದರೆಂದು ತಿಳಿಸಿದ. ಬೇಕಾದಷ್ಟು ನೀರು ಕುಡಿಯಲು ಕೊಟ್ಟೆವು ಎಂದೂ ಹೇಳಿದ.

ಆದರೆ ಅದಕ್ಕೂ ಮೊದಲು ಆ ಶನಿವಾರ ಬಂತು. ಆರೂ ಕಾಲು ಕಳೆದರೂ ಹಾಸಿಗೆ ಖಾಲಿ. ನರ್ಸು ಫೋನು ಮಾಡಲೇ ಎಂದಳು. ಬೇಡ ಎಂದೆ. ರಿಜಿಸ್ಟರಿನಲ್ಲಿ ಬರದವರ ಹೆಸರಿನ ಮುಂದೆ ಕಾರಣ ಬರೆಯುವ ಕಾಲಂ ಇರುತ್ತದೆ. ಜ್ವರ, ಮಳೆ, ಟ್ರೇನು ಬಂದ್, ಊರು ಎಂದು ಬರೆಯುತ್ತೇವೆ. ನಾನು "ಮುಗಿಸಿದರು" ಎಂದು ಬರೆದೆ. ತಿಂಗಳ ಕೊನೆಗೆ ರಿಜಿಸ್ಟರ್ ನೋಡಿದ ಮೇಲಿನವರು ಇದೆಂಥ ಕಾರಣ, ಸರಿಯಾಗಿ ಬರೆಯಿರಿ ಎಂದು ಗದರಿದರು. ನಾನು ತಿದ್ದಲಿಲ್ಲ.